ಕೊನೇ ಸಾಲಿಗೂ ಕೇಳಿಸಬೇಕು

ನಮ್ಮ ಕಡೆ ಹಾಡುಗಾರಿಕೆ ಚೆನ್ನಾಗಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಪರ್ವಾಗಿಲ್ಲ ಕಣಣ್ಣ, ಹಿಂದ್ಗಡೆ ತನ್ಕ ಕೇಳುಸ್ತು’ ಎನ್ನುತ್ತಾರೆ. ನಂಜನಗೂಡಿನ ಜಾತ್ರೆ, ತಿ. ನರಸೀಪುರದ ಗಣಪತಿ ಪೆಂಡಾಲು, ನಡುವಿನ ಊರುಗಳ ಮಾರಿಹಬ್ಬ, ಮದುವೆಯ ಹಿಂದಿನ ದಿನದ ಆರತಕ್ಷತೆ, ಹೀಗೆ ಕರೆದಲ್ಲೆಲ್ಲ ಕೀಬೋರ್ಡ್ ನುಡಿಸಿಕೊಂಡು ಕೂದಲು ನರೆಸಿಕೊಂಡ ನನಗೆ ಸಿಕ್ಕಿರುವ ಪ್ರಶಸ್ತಿಗಳೆಲ್ಲ ಹೆಚ್ಚುಕಡಿಮೆ ಈ ಒಂದೇ ಒಕ್ಕಣೆಯವು. ಹುಡುಗನಾಗಿದ್ದಾಗ ಕೇಳಿ ಮುಖ ಸಪ್ಪೆಯಾಗುತ್ತಿತ್ತು. ರಾತ್ರಿಯೆಲ್ಲ ಕೂತು ಕಲಿತ ಬಿಟ್ಟುಗಳು, ಚರಣದಿಂದ ಪಲ್ಲವಿಗೆ ಇಳಿಯುವಾಗ ಹಾಕಿದ ಸಂಗತಿ, ಯಾವುದೂ ಲೆಕ್ಕಕ್ಕಿಲ್ಲ, ಕೇಳಿಸಿತು, ಅಷ್ಟೇ. ಈಗ ಅನಿಸುತ್ತದೆ, ಅದಕ್ಕಿಂತ ಕಷ್ಟದ ಪರೀಕ್ಷೆ ಬೇರೆ ಇಲ್ಲ.

ಯಾಕೆಂದರೆ ರಸಮಂಜರಿ ಕಾರ್ಯಕ್ರಮದ ಮೊದಲ ಸಾಲಿನಲ್ಲಿ ಹಾಡು ಕೇಳುವವರು ಇರುವುದಿಲ್ಲ. ಅದು ಕಮಿಟಿಯವರ ಸಾಲು. ಸೋಫಾಕ್ಕೆ ಟರ್ಕಿ ಟವೆಲ್ ಹೊದಿಸಿರುತ್ತಾರೆ. ಶಾಲು, ಹಾರ, ಫೋಟೊ ಮುಗಿದು ಮೊದಲ ಹಾಡಿನ ಪಲ್ಲವಿ ಎತ್ತುವಷ್ಟರಲ್ಲಿ ಅವರಿಗೆ ಇನ್ನೊಂದು ಊರಿನ ಗಣಪತಿ ನೆನಪಾಗುತ್ತಾನೆ. ಎರಡನೆಯ ಸಾಲಿನಿಂದ ಆಚೆಗೆ ಮಕ್ಕಳು. ಮಕ್ಕಳು ಕುಣಿಯುತ್ತಾರೆ, ಕೇಳುವುದಿಲ್ಲ. ಆಮೇಲೆ ಹೆಂಗಸರು, ಅವರಿಗೆ ಅಪರೂಪಕ್ಕೆ ಸಿಕ್ಕ ನೆಂಟರೊಂದಿಗೆ ಮಾತಾಡುವುದಿದೆ. ನಿಜವಾಗಿ ಹಾಡು ಕೇಳುವವರೆಲ್ಲ ಕೊನೆಯಲ್ಲಿ. ಬೈಕಿಗೆ ಸ್ಟ್ಯಾಂಡ್ ಹಾಕಿ ಅದರ ಮೇಲೇ ಕೂತವರು, ಬಜ್ಜಿ ಗಾಡಿಯವನು, ಬಂದೋಬಸ್ತಿಗೆ ಬಂದ ಕಾನ್‌ಸ್ಟೇಬಲ್ಲು, ಎದುರು ಮನೆಯ ಜಗುಲಿಯ ಮೇಲೆ ಕಂಬಳಿ ಹೊದ್ದು ಮಲಗಿದಂತೆ ನಟಿಸುವ ಮುದುಕಿ. ‘ಸೌಂಡ್ ಕೊಡ್ರಪ್ಪೋ!’ ಎಂಬ ಕೂಗು ಬರುವುದು ಅಲ್ಲಿಂದಲೇ. ಅವರು ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಟ್ಟಬೇಕೆಂದರೆ ಕೈಯಲ್ಲಿರುವ ಬಜ್ಜಿಯನ್ನು ಕೆಳಗಿಡಬೇಕಾಗುತ್ತದೆ.

ಈ ಕೊನೇ ಸಾಲಿನ ಚಿಂತೆಯನ್ನು ಮೊದಲು ಹಚ್ಚಿಕೊಂಡವರು ನಾವಲ್ಲ. ನಮಗಿಂತ ಬಹಳ ದೊಡ್ಡವರು, ಅವರೂ ನಮ್ಮ ಊರಿನವರೇ. ಪಿಟೀಲು ಚೌಡಯ್ಯನವರು ಹುಟ್ಟಿದ್ದು ತಿ. ನರಸೀಪುರಕ್ಕೆ ಅಂಟಿಕೊಂಡ ತಿರುಮಕೂಡಲಿನಲ್ಲಿ, 1895ರಲ್ಲಿ. ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದರು. ಆಗಿನ ಕಚೇರಿಗಳಲ್ಲಿ ಮೈಕ್ ಇರಲಿಲ್ಲ. ಗಾಯಕರು ಹೇಗೋ ಗಂಟಲು ಎತ್ತರಿಸಿಯಾರು, ಮೃದಂಗದವರು ನಾಲ್ಕು ಪೆಟ್ಟು ಜೋರಾಗಿ ಕೊಟ್ಟಾರು. ಪಿಟೀಲಿನ ನಾದ ಮಾತ್ರ ಮುಂದೆ ಕೂತ ರಸಿಕರ ಅಂಗವಸ್ತ್ರದಲ್ಲೇ ಇಂಗಿಹೋಗುತ್ತಿತ್ತು. ಚೌಡಯ್ಯನವರು ಅದಕ್ಕೆ ಕಂಡುಕೊಂಡ ಉಪಾಯ ನೇರವಾದದ್ದು. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಬಿಗಿದು, 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಹಿಡಿದು ವೇದಿಕೆ ಹತ್ತಿದರು. ಒಂದೇ ಎಳೆತಕ್ಕೆ ಎರಡು ತಂತಿ ಕೂಡಿ ನುಡಿದು ನಾದ ತುಂಬಿಕೊಂಡು ಬರುತ್ತಿತ್ತು. ಹುಬ್ಬೇರಿಸಿದ ಪಂಡಿತರು ಇದ್ದೇ ಇದ್ದರು. ಆದರೆ ಸಭೆಯ ಕೊನೆಯಲ್ಲಿ ನಿಂತವನಿಗೆ ಪಿಟೀಲು ಕೇಳಿಸಿತಲ್ಲ, ಅವನು ಹುಬ್ಬೇರಿಸಲಿಲ್ಲ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯವರು ಸಂಗೀತ ಕಲಾನಿಧಿ ಬಿರುದು ಕೊಟ್ಟರು. ತಾವು ರಚಿಸಿದ ಕೃತಿಗಳಿಗೆ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಮದರಾಸಿನ ಸಭಾದಲ್ಲಿ ಕೂತು ಊರ ಹೆಸರು ಹಾಡಿಸುವುದು ಎಂದರೆ ಅದು.

ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ 1980ರಲ್ಲಿ ಆದ ಭವನ ಪಿಟೀಲಿನ ಆಕಾರದಲ್ಲೇ ಇದೆ. ನಮ್ಮ ತಂಡದ ರಿದಂ ಪ್ಯಾಡಿನ ಹುಡುಗ ಅದನ್ನು ನೋಡಿ ಬಂದವನು ಎರಡು ದಿನ ಯೋಚನೆಯಲ್ಲಿದ್ದ. ಕೊನೆಗೆ, ‘ಅಣ್ಣ, ನನ್ ಹೆಸ್ರಲ್ಲಿ ಕಟ್ಟುದ್ರೆ ಕಂತ್ರಾಟುದಾರ್ರಿಗೆ ಸಲೀಸು, ನಾಕೇ ಮೂಲೆ’ ಎಂದ.

ನಾನು ಕೀಬೋರ್ಡಿಗೆ ಬಂದದ್ದು ಕಾಲು ಹಾರ್ಮೋನಿಯಂ ದಾರಿಯಲ್ಲಿ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಹೊರಗಿನವರಿಗೆ ಹೇಳಿ ನಂಬಿಸುವುದು ಕಷ್ಟ. ‘ಕುರುಕ್ಷೇತ್ರ’ ಆಡಬೇಕೆಂದು ಊರವರು ನಿಶ್ಚಯಿಸಿದರೆ ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಊರಲ್ಲೇ ಬೀಡುಬಿಟ್ಟು ಕಂದ, ಪದ್ಯ, ಮಟ್ಟು ಹೇಳಿಕೊಡುತ್ತಾರೆ. ಇಲ್ಲಿ ಪಾರ್ಟು ಮಾಡುವವನಿಗೆ ಸಂಬಳವಿಲ್ಲ. ಅವನೇ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ ದುಬಾರಿ, ವಿದುರ ಅಗ್ಗ. ಹಾಗಾಗಿ ದುರ್ಯೋಧನನ ಪಾರ್ಟಿಗೆ ಬರುವವನಿಗೆ ಕಂಠ ಇರಲೇಬೇಕೆಂಬ ಕಟ್ಟುಪಾಡಿಲ್ಲ, ಗದ್ದೆ ಇದ್ದರೆ ಸಾಕು. ನಾನು ಇಂಥ ಒಬ್ಬ ಮೇಷ್ಟ್ರ ಪೆಟ್ಟಿಗೆ ಹೊತ್ತು, ಅವರು ಬೀಡಿ ಸೇದಲು ಎದ್ದಾಗ ಅದನ್ನು ತುಳಿದು, ವಿದ್ಯೆ ಕಲಿತವನು.

ಅವರು ಕಲಿಸಿದ ಮುಖ್ಯ ಪಾಠ ರಾಗದ್ದಲ್ಲ. ‘ಕಪ್ಪು ಎರಡರಲ್ಲಿ ಶ್ರುತಿ ಕೊಡ್ತೀವಿ ಅಂತ ನಾವು ಅಂದ್ಕೋಬೋದು ಕಣೋ. ಸಭಾಪರ್ವ ದಾಟೋ ಹೊತ್ಗೆ ದುರ್ಯೋಧನನ ಗಂಟ್ಲು ಎಲ್ಲಿ ಇರ್ತದೋ ಅದೇ ಶ್ರುತಿ. ಪದ್ಯ ಎಲ್ಲಿಗೆ ಓಯ್ತದೋ ಪೆಟ್ಗೆ ಅಲ್ಲಿಗೆ ಓಗ್ಬೇಕು.’ ರಾತ್ರಿ ಎರಡು ಗಂಟೆಗೆ, ಆವೇಶದಲ್ಲಿ, ಬಿಳಿ ನಾಲ್ಕಕ್ಕೂ ಕಪ್ಪು ಮೂರಕ್ಕೂ ಮಧ್ಯೆ ಯಾವ ಮನೆಯೂ ಇಲ್ಲದ ಜಾಗದಲ್ಲಿ ನಿಂತು ಪದ್ಯ ಎತ್ತಿದ ಕೌರವನನ್ನು ನಮ್ಮ ಮೇಷ್ಟ್ರು ಹಿಂಬಾಲಿಸಿದ ರೀತಿಗೆ ಒಂದು ಬಿರುದು ಸಲ್ಲಬೇಕಾಗಿತ್ತು. ಇದರ ಮಧ್ಯೆ ಹಾರದ ಕಾಟ. ದ್ರೌಪದಿಯ ಸೆರಗಿಗೆ ಕೈ ಹಾಕಿದ ಕ್ಷಣದಲ್ಲಿ ದುಶ್ಶಾಸನನ ಸೋದರಮಾವ ನೋಟಿನ ಹಾರ ಹಿಡಿದು ಮೆಟ್ಟಿಲು ಹತ್ತುತ್ತಾನೆ. ವಸ್ತ್ರಾಪಹರಣ ನಿಲ್ಲುತ್ತದೆ. ಮೈಕಿನಲ್ಲಿ ಮಾವನ ಹೆಸರು, ಊರು, ಕೊಟ್ಟ ಉಂಗುರದ ವಿವರ. ದ್ರೌಪದಿ ಸೆರಗು ಸರಿಮಾಡಿಕೊಂಡು ಪಕ್ಕದಲ್ಲಿ ನಿಂತು ಸೋಡಾ ಕುಡಿಯುತ್ತಾಳೆ. ಆ ಹೊತ್ತೆಲ್ಲ ಹಾರ್ಮೋನಿಯಂ ನಿಲ್ಲುವಂತಿಲ್ಲ. ನಿಂತರೆ ಹಿಂದಿನವರು ನಾಟಕ ಮುಗಿಯಿತೆಂದು ಚಾಪೆ ಸುತ್ತುತ್ತಾರೆ. ಏನೂ ನಡೆಯದಿರುವಾಗ ಏನೋ ನಡೆಯುತ್ತಿದೆ ಎಂಬಂತೆ ನುಡಿಸುವುದನ್ನು ನಾನು ಕಲಿತದ್ದು ಹಾಗೆ. ಮುಂದೆ ರಾಜಕಾರಣಿಗಳು ವೇದಿಕೆಗೆ ಬರುವುದು ತಡವಾದಾಗಲೆಲ್ಲ ಅದು ಕೈಹಿಡಿಯಿತು.

ಆರ್ಕೆಸ್ಟ್ರಾ ಎಂದರೆ ಮೊದಲು ನಮ್ಮಲ್ಲಿ ಅಕಾರ್ಡಿಯನ್, ಮ್ಯಾಂಡೊಲಿನ್, ಬೊಂಗೊ, ತಬಲ, ಒಬ್ಬ ಕೊಳಲಿನವನು. ರಾಜನ್–ನಾಗೇಂದ್ರರ ಹಾಡುಗಳಿಗೆ ಅದು ಸಾಕಾಗುತ್ತಿತ್ತು. ಅವರು ಮೈಸೂರಿನವರೇ, ತಂದೆ ಮೂಕಿ ಚಿತ್ರಗಳಿಗೆ ಪರದೆಯ ಮುಂದೆ ಕೂತು ವಾದ್ಯ ನುಡಿಸುತ್ತಿದ್ದವರು. ಹಾಗಾಗಿ ಅವರ ಹಾಡುಗಳ ಮೇಲೆ ನಮಗೆ ಒಂದು ಸಲಿಗೆ, ದಾಯಾದಿ ಹಕ್ಕು. 1987ರಲ್ಲಿ ‘ಪ್ರೇಮಲೋಕ’ ಬಂತು. ಹಂಸಲೇಖ ಅವರು ಅದೆಷ್ಟು ಒಳ್ಳೆಯ ಸಂಗೀತ ಕೊಟ್ಟರೋ ನಮಗೆ ಅಷ್ಟು ಕಷ್ಟ ಕೊಟ್ಟರು. ಮಾರನೆಯ ಗಣಪತಿ ಹಬ್ಬದ ಹೊತ್ತಿಗೆ ಎಲ್ಲ ಪೆಂಡಾಲಿನಲ್ಲೂ ಆ ಹಾಡುಗಳೇ ಬೇಕು, ಅದೂ ‘ಕ್ಯಾಸೆಟ್ನಲ್ಲಿ ಇದ್ದಂಗೇ’ ಬೇಕು. ಅಕಾರ್ಡಿಯನ್ನಿನಿಂದ ಆ ಡ್ರಮ್ಮಿನ ಸದ್ದು ಹೊರಡುತ್ತದೆಯೇ? ನಾನು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕೀಬೋರ್ಡ್ ಕೊಂಡೆ. ಅಕಾರ್ಡಿಯನ್ನಿನವರು ಮನಸ್ಸು ಮುರಿದುಕೊಂಡು ನ್ಯಾಯಬೆಲೆ ಅಂಗಡಿ ಹಿಡಿದರು. ಒಳ್ಳೆಯ ಲಯಜ್ಞಾನ ಇದ್ದವರು, ಅವರ ತೂಕದಲ್ಲಿ ತಪ್ಪು ಬರುತ್ತಿರಲಿಲ್ಲ.

ಕ್ಯಾಸೆಟ್ಟಿನಲ್ಲಿ ಇದ್ದಂತೆ ನುಡಿಸುವುದನ್ನು ನಕಲು ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಬೆಂಗಳೂರಿನಲ್ಲೋ ಮದರಾಸಿನಲ್ಲೋ ಮೂವತ್ತು ಪಿಟೀಲು ಸೇರಿ ನುಡಿಸಿದ್ದನ್ನು ಎರಡು ಕೈ, ಒಂದು ವೋಲ್ಟೇಜ್ ಇಲ್ಲದ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಹಳ್ಳಿಯ ಬಯಲಿನಲ್ಲಿ ಎಬ್ಬಿಸುವುದು ನಕಲಾದರೆ, ಅಂಥ ನಕಲಿಗೆ ಅಸಲಿಗಿಂತ ಹೆಚ್ಚು ಬೆವರು ಬೇಕು ಎಂಬುದು ನನ್ನ ಅಭಿಪ್ರಾಯ.

ಆದರೆ ನಕಲು ನಡೆಯದ ಜಾಗವೂ ಒಂದಿದೆ. 1996ರಲ್ಲಿ ‘ಜನುಮದ ಜೋಡಿ’ ಬಂದು ಅದರ ಮಾದಪ್ಪನ ಹಾಡು ಎಲ್.ಎನ್. ಶಾಸ್ತ್ರಿಯವರ ದನಿಯಲ್ಲಿ ನಾಡೆಲ್ಲ ಹಬ್ಬಿತು. ಬೇರೆ ಜಿಲ್ಲೆಗಳಿಗೆ ಅದು ಹೊಸ ಹಾಡು. ನಮ್ಮಲ್ಲಿ ಹಾಗಲ್ಲ. ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವರ ಸೀಮೆ ಇದು. ಕಂಸಾಳೆ ಹಿಡಿದ ದೇವರಗುಡ್ಡರು, ತಂಬೂರಿ ಮೀಟುವ ನೀಲಗಾರರು ಮನೆ ಬಾಗಿಲಿಗೆ ಬಂದು ಹಾಡುವ ಸೀಮೆ. ನಮ್ಮ ಗಾಯಕ ಆ ಹಾಡು ಎತ್ತಿದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಒಂದೂರಿನಲ್ಲಿ ಮೂರನೆಯ ಸಾಲಿನ ಹೆಣ್ಣುಮಗಳೊಬ್ಬಳಿಗೆ ದೇವರೇ ಬಂತು. ಕೂದಲು ಬಿಚ್ಚಿ ವೇದಿಕೆಯತ್ತ ಬಂದವಳಿಗೆ ಕಮಿಟಿಯವರೆಲ್ಲ ಕೈಮುಗಿದು ನಿಂತರು. ಹಾಡು ನಿಲ್ಲಿಸಿದರೆ ಮಾದಪ್ಪನಿಗೆ ಸಿಟ್ಟು, ಮುಂದುವರಿಸಿದರೆ ದೇವರು ಇಳಿಯುವುದಿಲ್ಲ. ಪಲ್ಲವಿಯನ್ನೇ ಸುತ್ತಿಸುತ್ತ ನಾವು ಮೂವತ್ತು ನಿಮಿಷ ಕಳೆದೆವು. ಕಮಿಟಿಯವರು ಅದನ್ನು ಒಂದೇ ಹಾಡೆಂದು ಲೆಕ್ಕ ಹಿಡಿದರು.

ಇನ್ನೊಂದು ಊರಿನಲ್ಲಿ, ಹಾಡು ಮುಗಿದ ಮೇಲೆ ಹಿಂದಿನಿಂದ ಒಬ್ಬ ಮುದುಕಪ್ಪ ನಿಧಾನವಾಗಿ ನಡೆದುಬಂದ. ದೇವರಗುಡ್ಡನೆಂದು ನೋಡಿದರೇ ತಿಳಿಯುತ್ತಿತ್ತು. ‘ಮಟ್ಟು ಸರ್ಯಾಗದೆ ಬುದ್ದಿ. ಬೀಸೇ ಇಲ್ಲ’ ಎಂದ. ಬೀಸು ಎಂದರೆ ಕಂಸಾಳೆ ಬೀಸುವ ಆ ಏಟು. ನನ್ನ ಕೀಬೋರ್ಡಿನಲ್ಲಿ ನೂರು ತರಹದ ದನಿಗಳಿದ್ದವು. ಜಪಾನಿನವರು ಕಂಸಾಳೆಯನ್ನು ಮರೆತಿದ್ದರು. ಮುದುಕಪ್ಪ ಜೋಳಿಗೆಯಿಂದ ತನ್ನ ಜೋಡಿ ತೆಗೆದು, ನಮ್ಮ ಯಾವ ಮೈಕಿನ ಹತ್ತಿರವೂ ನಿಲ್ಲದೆ ಎರಡು ಸಲ ಕುಟ್ಟಿದ. ಬಜ್ಜಿ ಗಾಡಿಯವನು ತಿರುಗಿ ನೋಡಿದ. ಮೈಕ್‌ಸೆಟ್ಟಿನವನಿಗೆ ಬಾಡಿಗೆ ಕೊಟ್ಟು ಗಿಟ್ಟಿಸುವುದನ್ನು ಇವರು ಒಂದು ಹಿಡಿ ಕಂಚಿನಲ್ಲಿ ಮಾಡಿಕೊಂಡು ಬಂದಿದ್ದಾರೆ.

ಹಗಲಿನ ಬ್ಯಾಂಡ್ ಸೆಟ್ಟಿನ ಕಥೆ ಬೇರೆ. ನಮ್ಮ ಕೊಳಲಿನವನು ಲಗ್ನದ ದಿನಗಳಲ್ಲಿ ಕೆಂಪು ಕೋಟು ತೊಟ್ಟು ಕ್ಲಾರಿಯೊನೆಟ್ ಊದಲು ಹೋಗುತ್ತಿದ್ದ. ಮೈಸೂರಿನ ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡೂ ಕರ್ನಾಟಕ ಬ್ಯಾಂಡೂ ಎರಡೂ ಇದ್ದವು, ಈಗಲೂ ದಸರೆಯಲ್ಲಿ ಪೊಲೀಸ್ ಬ್ಯಾಂಡಿನವರು ಎರಡು ಬಗೆಯನ್ನೂ ನುಡಿಸುತ್ತಾರೆ. ಆ ಕೋಟಿನ ಗುಂಡಿಗಳ ಹೊಳಪೆಲ್ಲ ಅಲ್ಲಿಂದ ಇಳಿದು ಬಂದದ್ದಿರಬೇಕು. ಊದುವಾಗ ನಡೆಯಬೇಕು, ನಡೆಯುವಾಗ ಮದುವೆಯವರ ಕುಣಿತಕ್ಕೆ ಸಿಕ್ಕಿಬೀಳಬಾರದು. ‘ಇದಕ್ಕೆ ಸಂಗೀತಕ್ಕಿಂತ ಟ್ರಾಫಿಕ್ ಜ್ಞಾನ ಜಾಸ್ತಿ ಬೇಕು’ ಎನ್ನುತ್ತಿದ್ದ.

ಸಂಭಾವನೆಯ ವಿಷಯ ಬೇಗ ಮುಗಿಸುತ್ತೇನೆ, ಅದು ಬರುತ್ತಿದ್ದುದೂ ಅಷ್ಟೇ. ಅಡ್ವಾನ್ಸ್ ಕೊಟ್ಟವನು ಕಾರ್ಯಕ್ರಮ ಮುಗಿಯುವಾಗ ಇರುತ್ತಿರಲಿಲ್ಲ, ಖಜಾಂಚಿಗೆ ಜ್ವರ ಬಂದಿರುತ್ತಿತ್ತು. ಉಳಿದ ಹಣ ನಾಳೆ ಎಂಬ ಮಾತು ಹೊತ್ತು, ಡ್ರಮ್ಮುಗಳ ಮಧ್ಯೆ ಮಂಡಿ ಮಡಚಿ ಕೂತು, ನರಸೀಪುರದಿಂದ ಸುತ್ತೂರಿನ ಮೇಲೆ ನಂಜನಗೂಡಿಗೆ ಟೆಂಪೊದಲ್ಲಿ ಬರುತ್ತಿದ್ದೆವು. ಎಡಬಲ ಗದ್ದೆ, ಚಳಿ. ಯಾರಾದರೊಬ್ಬರು ಹಾಡು ಶುರುಮಾಡುತ್ತಿದ್ದರು. ರಾತ್ರಿಯಿಡೀ ಹಾಡಿದವರಿಗೆ ಇನ್ನೂ ಹಾಡಬೇಕೇ ಎಂದು ಡ್ರೈವರ್ ಕೇಳುತ್ತಿದ್ದ. ವೇದಿಕೆಯ ಮೇಲೆ ಹಾಡಿದ್ದು ಊರವರು ಕೇಳಿದ ಹಾಡುಗಳು, ಟೆಂಪೊದಲ್ಲಿ ನಮ್ಮವು. ಅಲ್ಲಿ ಹುಟ್ಟಿದ ಒಂದೆರಡು ಮಟ್ಟುಗಳೇ ಮುಂದೆ ಕ್ಯಾಸೆಟ್ಟಾದವು.

ಕ್ಯಾಸೆಟ್ ಮಾಡಿಸಿದವರು ಕಡ್ಲೆಪುರಿ ವ್ಯಾಪಾರದ ಒಬ್ಬ ದೈವಭಕ್ತರು. ರೆಕಾರ್ಡಿಂಗಿಗೆ ದುಡ್ಡು ಹಾಕುವುದು ಮೈಸೂರು ಸೀಮೆಗೆ ಹೊಸತಲ್ಲ. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ರಷ್ಯದ ವೃದ್ಧ ಸಂಗೀತಗಾರನ ಕೃತಿಗಳನ್ನು ಗ್ರಾಮಫೋನ್ ಪ್ಲೇಟುಗಳಿಗೆ ಇಳಿಸಲು ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ನಮ್ಮ ಪುರಿ ಮಹಾರಾಜರು ಅರ್ಪಣೆಯನ್ನು ಮುಂಚಿತವಾಗಿಯೇ ಕೇಳಿದರು. ಕವರಿನ ಮೇಲೆ ನಂಜುಂಡೇಶ್ವರನ ಕೆಳಗೆ ಕೈಮುಗಿದ ಅವರ ಭಾವಚಿತ್ರ ಇರಬೇಕು.

ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಸೈಡಿಗೆ ನಾಲ್ಕರಂತೆ ಎಂಟು ಹಾಡು. ನಂಜುಂಡನಿಗೆ ನಾಲ್ಕು, ಮಾದಪ್ಪನಿಗೆ ಎರಡು, ಚಾಮುಂಡಿಗೆ ಒಂದು, ನರಸೀಪುರದಲ್ಲೂ ಮಾರಾಟವಾಗಲೆಂದು ಗುಂಜಾ ನರಸಿಂಹಸ್ವಾಮಿಗೆ ಒಂದು. ನರಸೀಪುರದ ತಬಲದವನು ತಕರಾರು ತೆಗೆದ: ನಮ್ಮ ದೇವರಿಗೆ ಒಂದೇಯಾ? ಪುರಿಯವರು ಪುರಾಣ ಬಲ್ಲವರು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಪ್ರತೀತಿ ಇದೆ, ಸ್ವಾಮಿಯ ಹೆಸರೂ ಅದರಿಂದಲೇ ಬಂದದ್ದು. ‘ಗುಲಗಂಜೀಲಿ ಕಾಶಿ ಗೆದ್ದ ಸ್ವಾಮಿ ಕಣಪ್ಪ ಅವ್ನು. ಒಂದು ಹಾಡು ಧಾರಾಳ ಆಯ್ತು’ ಎಂದರು.

ಸ್ಟುಡಿಯೊ ಮೈಸೂರಿನ ಒಂದು ಮನೆಯ ಮಹಡಿ. ಗೋಡೆಗೆಲ್ಲ ಮೊಟ್ಟೆ ಟ್ರೇ ಬಡಿದಿದ್ದರು. ಸದ್ದು ಒಳಗೆ ಬರದಿರಲಿ ಎಂದಂತೆ. ಆಟೊಗಳಿಗೆ ಯಾರೂ ಅದನ್ನು ತಿಳಿಸಿರಲಿಲ್ಲ. ಆಗ ಎಲ್ಲರೂ ಒಟ್ಟಿಗೆ ನುಡಿಸಬೇಕು. ಕೊನೆಯ ಸಾಲಿನಲ್ಲಿ ತಬಲದವನು ಕೆಮ್ಮಿದರೆ ಮೊದಲ ಸಾಲಿನಿಂದ ಮತ್ತೆ. ನಮ್ಮ ಗಾಯಕಿ ಊರೂರು ಗೆದ್ದ ಹೆಂಗಸು. ಮೊದಲ ಹಾಡಿನ ಮೊದಲ ಸ್ವರಕ್ಕೇ ಗಾಜಿನ ಆಚೆ ಕೂತವನು ಕಿವಿಯ ಹೆಡ್‌ಫೋನ್ ಕಿತ್ತೆಸೆದ. ‘ಅಕ್ಕಾ, ಮೈಕು ನಿಮ್ ಬಾಯ ಮುಂದೆನೇ ಇದೆ’ ಎಂದ. ಆಕೆಗೆ ಅರ್ಥವಾಗಲಿಲ್ಲ. ಅಷ್ಟು ವರ್ಷ ಬಯಲಿನ ಕೊನೆಗೆ ಹಾಡಿದವಳಿಗೆ ಇಲ್ಲಿ ಕೊನೆಯೇ ಇರಲಿಲ್ಲ. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಮೊಟ್ಟೆ ಟ್ರೇಗಳನ್ನು ನೋಡುತ್ತ ಹಾಡಿದಳು. ಹಾಡುಗಳು ಶುದ್ಧವಾಗಿ ಬಂದವು. ಶ್ರುತಿ ಸರಿ, ತಾಳ ಸರಿ. ಏನೋ ಉಪ್ಪಿಲ್ಲ. ಸಂಜೆ ಎಲ್ಲ ಮುಗಿಯುವಾಗ ಮಹಡಿ ಮೆಟ್ಟಿಲ ಮೇಲೆ ಮಾಲೀಕರ ಮನೆಯ ಅಜ್ಜಿ ಹಪ್ಪಳದ ತಟ್ಟೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಗಾಯಕಿ ಅವರ ಕಡೆ ತಿರುಗಿ ಎಂಟನೆಯ ಹಾಡು ಹಾಡಿದಳು. ಆ ಕ್ಯಾಸೆಟ್ಟಿನಲ್ಲಿ ಕೇಳುವಂಥದ್ದು ಇದ್ದರೆ ಬಿ ಸೈಡಿನ ಆ ಕೊನೆಯ ಹಾಡು.

ಕವರಿನ ಮೇಲೆ ಸಾಹಿತ್ಯದವರ ಹೆಸರು, ಗಾಯಕಿಯ ಹೆಸರು ಬಂದವು. ನುಡಿಸಿದವರೆಲ್ಲ ‘ಮತ್ತು ಬಳಗ’. ಸಂಭಾವನೆಯನ್ನು ಕ್ಯಾಸೆಟ್ ರೂಪದಲ್ಲಿ ಕೊಟ್ಟರು. ನಮ್ಮ ನೆಂಟರಿಷ್ಟರಲ್ಲಿ ಆ ಕ್ಯಾಸೆಟ್ ಇಲ್ಲದವರಿಲ್ಲ. ಮದುವೆ, ಗೃಹಪ್ರವೇಶ, ನಾಮಕರಣ ಎಲ್ಲಕ್ಕೂ ಅದೇ ಉಡುಗೊರೆ. ಟೇಪ್‌ರೆಕಾರ್ಡರ್ ಇಲ್ಲದವರಿಗೂ ಕೊಟ್ಟಿದ್ದೇವೆ.

ಆ ವರ್ಷದ ದೊಡ್ಡ ಜಾತ್ರೆ. ಐದು ತೇರೂ ಎಳೆದು, ಗಣಪತಿಯ ರಥದಿಂದ ಚಂಡಿಕೇಶ್ವರನ ರಥದವರೆಗೆ ಎಲ್ಲ ನೆಲೆ ಸೇರಿ, ಜನ ಬೀದಿಯಲ್ಲಿ ಹರಿದಾಡುತ್ತಿದ್ದ ಸಂಜೆ. ಒಂದು ಬೀದಿಯಲ್ಲಿ ನಮ್ಮ ಕಾರ್ಯಕ್ರಮ. ಐವತ್ತು ಅಡಿ ದೂರದಲ್ಲಿ ಕ್ಯಾಸೆಟ್ ಅಂಗಡಿ, ಅದರ ಮೇಲೆ ಎರಡು ಕಹಳೆ ಸ್ಪೀಕರು. ಅದರಲ್ಲಿ ನಮ್ಮದೇ ಕ್ಯಾಸೆಟ್. ಇಲ್ಲಿ ಗಾಯಕಿ ನಂಜುಂಡನನ್ನು ಕರೆಯುತ್ತಿದ್ದರೆ ಅಲ್ಲಿ ಅದೇ ಗಾಯಕಿ ಮಾದಪ್ಪನನ್ನು ಕರೆಯುತ್ತಿದ್ದಳು. ಇಲ್ಲಿ ನಾನು, ಅಲ್ಲೂ ನಾನು. ಅಲ್ಲಿ ನನ್ನ ಸೌಂಡು ಜಾಸ್ತಿ ಇತ್ತು. ಅಂಗಡಿಯವನಿಗೆ ಹೇಳಿ ಕಳಿಸಿದರೆ ಅವನು, ‘ಒಳ್ಳೆ ಓಟ ಅದೆ, ನಿಲ್ಸಕಾಗಲ್ಲ’ ಎಂದನಂತೆ. ಅಷ್ಟರಲ್ಲಿ ಕೊನೆಯ ಸಾಲಿನಿಂದ ಕೂಗು ಬಂತು. ‘ಅಣ್ಣೋ, ನೀವ್ ಒಸಿ ನಿಲ್ಸಿ! ಆ ಕಡೆ ಒಳ್ಳೇ ಹಾಡ್ ಬತ್ತಾ ಅದೆ!’

ನಿಲ್ಲಿಸಿದೆವು. ಐದು ನಿಮಿಷ ನಾವೂ ಕೇಳಿದೆವು. ಪರವಾಗಿರಲಿಲ್ಲ, ಹಿಂದುಗಡೆ ತನಕ ಕೇಳಿಸುತ್ತಿತ್ತು.

ಈಗ ಕ್ಯಾಸೆಟ್ ಇಲ್ಲ, ಕಹಳೆ ಸ್ಪೀಕರ್ ಅಪರೂಪ. 2000ದ ಶಬ್ದ ಮಾಲಿನ್ಯ ನಿಯಮ, ಅದರ ಹಿಂದೆ 2005ರ ಸುಪ್ರೀಂ ಕೋರ್ಟ್ ತೀರ್ಪು ಬಂದು ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಆರಿಸಬೇಕು. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ಮಧ್ಯರಾತ್ರಿಯವರೆಗೆ ಬಿಡಬಹುದು, ಅಷ್ಟೇ. ನನಗೆ ಇದರಿಂದ ದುಃಖವಾಗಿಲ್ಲ. ಜಗುಲಿಯ ಮುದುಕಿಯರಲ್ಲಿ ಒಬ್ಬಿಬ್ಬರು ನಿಜವಾಗಿಯೂ ಮಲಗಬೇಕೆಂದಿದ್ದರೋ ಏನೋ. ಬೇಸರ ತರಿಸುವುದು ಟ್ರ್ಯಾಕು. ಪೆನ್‌ಡ್ರೈವಿನಲ್ಲಿ ವಾದ್ಯವೆಲ್ಲ ತುಂಬಿಕೊಂಡು ಗಾಯಕ ಒಬ್ಬನೇ ಬೈಕಿನಲ್ಲಿ ಬಂದು ಹಾಡಿ ಹೋಗುತ್ತಾನೆ. ಖರ್ಚು ಕಡಿಮೆ, ಊಟದ ಎಲೆ ಒಂದೇ. ಆದರೆ ಗಾಯಕ ಚರಣ ತಪ್ಪಿದರೆ ಪೆನ್‌ಡ್ರೈವು ಕಾಯುವುದಿಲ್ಲ. ಮೂರನೆಯ ಸಾಲಿನಲ್ಲಿ ದೇವರು ಬಂದರೂ ಅದಕ್ಕೆ ತಿಳಿಯದು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಂತುಬಿಡುತ್ತದೆ. ಹಾಗಾಗಿಯೇ ‘ಕುರುಕ್ಷೇತ್ರ’ ಆಡುವ ಊರುಗಳು ಈಗಲೂ ಪೆಟ್ಟಿಗೆಯ ಮುಂದೆ ಒಬ್ಬ ಮನುಷ್ಯನನ್ನೇ ಕೂರಿಸುತ್ತವೆ. ನನಗೆ ಈಗ ಹೆಚ್ಚಿನ ಕರೆ ಬರುವುದೂ ಅಲ್ಲಿಂದಲೇ. ಗದ್ದೆಯ ಬೆಲೆ ಏರಿದಷ್ಟೂ ದುರ್ಯೋಧನರು ಹೆಚ್ಚಾಗುತ್ತಿದ್ದಾರೆ.

ರಸಮಂಜರಿಗೂ ಹೋಗುತ್ತೇನೆ, ಕರೆದರೆ. ನಿಮ್ಮ ಬೀದಿಗೂ ಬರಬಹುದು. ಹಾಗೆ ಬಂದಾಗ ಒಂದು ವಿನಂತಿ. ಹಾಡು ಬೇಕೆಂದು ಚೀಟಿ ಬರೆಯುವವರು ‘ಅಣ್ಣಾವ್ರ ಒಳ್ಳೇ ಹಾಡು’ ಎಂದಷ್ಟೇ ಬರೆದು ಕಳಿಸಬೇಡಿ. ಅವರದು ಎಲ್ಲವೂ ಒಳ್ಳೆಯ ಹಾಡೇ. ಚಿತ್ರದ ಹೆಸರನ್ನೂ ಬರೆಯಿರಿ. ಬಜ್ಜಿ ತಿಂದ ಕೈಯಲ್ಲಿ ಬರೆದರೆ ಅಕ್ಷರ ಕಾಣುವುದಿಲ್ಲ. ಮತ್ತೆ, ಒಂಬತ್ತೂವರೆಯ ಒಳಗೆ ಕಳಿಸಿ.